ತಟ್ಟಿದಾಗ ಬಿರುಕು ಆಡುವ ಮಾತು: ಗಡಿಗೆಯಿಂದ ಕೊಳವೆ ಬಾವಿಯವರೆಗೆ

ಬೇಸಿಗೆ ಹತ್ತಿರ ಬಂದಾಗ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಗಡಿಗೆ, ಹರವಿ ಕೊಳ್ಳಲು ಬಂದವರು ಯಾರೂ ತಟ್ಟಿ ನೋಡದೆ ಹಣ ಎಣಿಸುವುದಿಲ್ಲ. ಗಡಿಗೆಯ ಕಂಠವನ್ನು ಒಂದು ಕೈಯಲ್ಲಿ ಹಗುರಾಗಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗಂಟಿನಿಂದ ಹೊಟ್ಟೆಯ ಮೇಲೆ ತಟ್ಟುತ್ತಾರೆ. ‘ಟಣ್’ ಎಂದು ದನಿ ಎದ್ದು ನಿಧಾನ ಕರಗಿದರೆ ಗಡಿಗೆ ಗಟ್ಟಿ. ‘ಟಪ್’ ಎಂದು ಅಲ್ಲಿಗೇ ಸತ್ತರೆ ಎಲ್ಲಿಯೋ ಸೀಳು ಇದೆ ಎಂದು ಬದಿಗಿಡುತ್ತಾರೆ. ಕಣ್ಣಿಗೆ ಕಾಣದ ಸೀಳನ್ನು ಕಿವಿ ಹಿಡಿಯುತ್ತದೆ. ಹಂಚು, ತೆಂಗಿನಕಾಯಿ, ಕಲ್ಲಂಗಡಿ ಯಾವುದೇ ಇರಲಿ, ನಮ್ಮ ಜನ ಇದೇ ಪರೀಕ್ಷೆ ಮಾಡುತ್ತಾರೆ. ಹುಬ್ಬಳ್ಳಿ ರೈಲ್ವೆಯ ಊರು. ಉಗಿಬಂಡಿಯ ಕಾಲದಲ್ಲಿ ಬಂಡಿ ನಿಲ್ದಾಣಕ್ಕೆ ಬಂದು ನಿಂತಾಗ ಉದ್ದ ಹಿಡಿಕೆಯ ಸುತ್ತಿಗೆಯಿಂದ ಗಾಲಿಗಳನ್ನು ಬಡಿದು ಆಲಿಸುತ್ತ ಹೋಗುವ ನೌಕರರು ಇದ್ದರು. ಇಂದು ಹಳಿಗಳ ಒಳಗಿನ ಬಿರುಕನ್ನು ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶ್ರವಣಾತೀತ ಅಲೆಗಳಿಂದ ಹುಡುಕುತ್ತಾರೆ. ಉಪಕರಣ ಬದಲಾಗಿದೆ, ತತ್ವ ಅದೇ.

ಗಡಿಗೆಯ ಮಾತು ರೈತರ ಪತ್ರಿಕೆಯಲ್ಲಿ ಏಕೆ ಎಂದು ಕೇಳಬಹುದು. ನಮ್ಮ ನೆಲದಡಿಯ ಬಂಡೆಯೂ ಒಂದು ಸೀಳಿದ ಗಡಿಗೆಯಂತೆಯೇ ಇದೆ. ವ್ಯತ್ಯಾಸವೆಂದರೆ ಗಡಿಗೆಯ ಸೀಳಿನಿಂದ ನೀರು ಹೋಗುತ್ತದೆ, ಬಂಡೆಯ ಸೀಳಿನಿಂದ ನೀರು ಬರುತ್ತದೆ. ಆ ಸೀಳನ್ನು ಹುಡುಕಲು ಹೊಲವನ್ನೇ ಒತ್ತೆ ಇಟ್ಟು ಬೋರು ಕೊರೆಸಿ ಬರಿಗೈಯಾದ ಕುಟುಂಬಗಳು ಪ್ರತಿ ಊರಿನಲ್ಲಿಯೂ ಇವೆ. ಆದ್ದರಿಂದ ಗಟ್ಟಿ ವಸ್ತುಗಳಲ್ಲಿ ಅಲೆ ಹೇಗೆ ಸಾಗುತ್ತದೆ, ಬಿರುಕು ಮತ್ತು ಅಂಚುಗಳ ಬಳಿ ಅದರ ನಡೆ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿದುಕೊಂಡರೆ, ‘ನೆಲದಾಗ ನೀರು ತೋರಿಸತೀವಿ’ ಎಂದು ಬರುವವರಿಗೆ ಯಾವ ಪ್ರಶ್ನೆ ಕೇಳಬೇಕೆಂಬುದು ಗೊತ್ತಾಗುತ್ತದೆ.

ಗಡಿಗೆಯೊಳಗೆ ನಡೆಯುವುದೇನು?

ಯಾವುದೇ ಗಟ್ಟಿ ವಸ್ತುವನ್ನು ಬಡಿದಾಗ ಅದು ಕೂದಲೆಳೆಗಿಂತ ಕಡಿಮೆ ಒಳಸರಿದು ಮತ್ತೆ ಹಿಂದಕ್ಕೆ ಪುಟಿಯುತ್ತದೆ. ಈ ಪುಟಿಯುವ ಗುಣಕ್ಕೆ ಸ್ಥಿತಿಸ್ಥಾಪಕತೆ ಎನ್ನುತ್ತಾರೆ. ಒಂದು ಕಡೆಯ ಪುಟಿತ ಪಕ್ಕದ ಕಣಕ್ಕೆ, ಅದರಿಂದ ಮುಂದಿನ ಕಣಕ್ಕೆ ದಾಟುತ್ತ ಹೋಗುವುದೇ ಅಲೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಕಣಗಳು ಮುಂದೆ ಹಿಂದೆ ಒತ್ತಿಕೊಂಡು ಸಾಗುವ ಒತ್ತು ಅಲೆ ಒಂದು. ಕಣಗಳು ಅಡ್ಡಡ್ಡ ಓಲಾಡುತ್ತ ಸಾಗುವ ಅಡ್ಡ ಅಲೆ ಇನ್ನೊಂದು. ಗಟ್ಟಿ ಕಣಶಿಲೆಯಲ್ಲಿ ಒತ್ತು ಅಲೆಯ ವೇಗ ಸೆಕೆಂಡಿಗೆ ಸುಮಾರು 5,000ದಿಂದ 6,000 ಮೀಟರ್. ಅಡ್ಡ ಅಲೆಯ ವೇಗ ಸುಮಾರು 3,000 ಮೀಟರ್. ನೀರಿನಲ್ಲಿ ಒತ್ತು ಅಲೆ ಸುಮಾರು 1,500 ಮೀಟರ್ ವೇಗದಲ್ಲಿ ಹೋಗುತ್ತದೆ, ಅಡ್ಡ ಅಲೆ ಹೋಗುವುದೇ ಇಲ್ಲ. ಒಣಗಿದ ಸಡಿಲ ಮೇಲ್ಮಣ್ಣಿನಲ್ಲಿ ಒತ್ತು ಅಲೆಯ ವೇಗ ಕೆಲವು ನೂರು ಮೀಟರ್ ಮಾತ್ರ. ಈ ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಗಡಿಗೆಯನ್ನು ತಟ್ಟಿದಾಗ ಅಲೆ ಅದರ ಗೋಡೆಯಲ್ಲಿ ಸುತ್ತು ಹೊಡೆದು ಹೊರಟಲ್ಲಿಗೇ ಬಂದು ತನ್ನನ್ನು ತಾನೇ ಕೂಡಿಕೊಳ್ಳುತ್ತದೆ. ಹೀಗೆ ಸುತ್ತು ಸುತ್ತಿಗೆ ಬಲಗೊಂಡು ಒಂದೇ ಶ್ರುತಿಯಲ್ಲಿ ದನಿ ನಿಲ್ಲುತ್ತದೆ. ದಾರಿಯಲ್ಲಿ ಸೀಳು ಇದ್ದರೆ ಅಲೆಯ ಒಂದು ಪಾಲು ಅಲ್ಲಿಯೇ ಹಿಂದಕ್ಕೆ ತಿರುಗುತ್ತದೆ, ಇನ್ನೊಂದು ಪಾಲು ಸೀಳಿನ ಎರಡು ಮೈಗಳು ಒಂದನ್ನೊಂದು ಉಜ್ಜುವುದರಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಸುತ್ತು ಪೂರ್ತಿಯಾಗದು, ದನಿ ನಿಲ್ಲದು.

ಇದರಿಂದ ತಟ್ಟುವವರಿಗೆ ಎರಡು ಸೂಚನೆ ಹೊರಡುತ್ತವೆ. ನೀರಿನಲ್ಲಿ ನೆನೆದ ಗಡಿಗೆಯನ್ನು ತಟ್ಟಿ ತೀರ್ಮಾನಿಸಬಾರದು. ನೆನೆದ ಮಣ್ಣು ತಾನೇ ದನಿ ನುಂಗುತ್ತದೆ. ಜೊತೆಗೆ ಸೀಳಿನಲ್ಲಿ ತುಂಬಿದ ನೀರು ಒತ್ತು ಅಲೆಯನ್ನು ದಾಟಿಸಿ ಒಡಕನ್ನು ಮರೆಮಾಡಬಹುದು. ಇನ್ನೊಂದು, ಒಂದೇ ಕಡೆ ತಟ್ಟಬಾರದು. ಅಲೆಯ ದಾರಿಗೆ ಅಡ್ಡವಾದ ಸೀಳು ಬೇಗ ಸಿಕ್ಕಿಬೀಳುತ್ತದೆ, ದಾರಿಯ ಉದ್ದಕ್ಕೆ ಮಲಗಿದ ಸೀಳು ತಪ್ಪಿಸಿಕೊಳ್ಳುತ್ತದೆ.

ಮೇಲ್ಮೈ ಮತ್ತು ಅಂಚು

ಅಲೆಗಳೆಲ್ಲ ವಸ್ತುವಿನ ಒಡಲಿನಲ್ಲಿಯೇ ಸಾಗುತ್ತವೆ ಎಂದಿಲ್ಲ. ಮೇಲ್ಮೈಯನ್ನೇ ಅಪ್ಪಿಕೊಂಡು ಹೋಗುವ ಒಂದು ಅಲೆಯನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ್‍ಯಾಲೆ 1885ರಲ್ಲಿ ಲೆಕ್ಕದಿಂದಲೇ ಕಂಡುಹಿಡಿದರು. ಇದು ಅಡ್ಡ ಅಲೆಗಿಂತ ಸ್ವಲ್ಪ ನಿಧಾನ, ಸುಮಾರು ಹತ್ತರಲ್ಲಿ ಒಂಬತ್ತರಷ್ಟು ವೇಗ. ಒಂದು ಅಲೆಯುದ್ದದಷ್ಟು ಆಳಕ್ಕೆ ಇಳಿದರೆ ಅದರ ಕುಲುಕಾಟ ಬಹುಮಟ್ಟಿಗೆ ಅಡಗಿರುತ್ತದೆ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಮತ್ತು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಮ್ಮ ಉತ್ತರದ ಜಿಲ್ಲೆಗಳನ್ನೂ ನಡುಗಿಸಿದವು. ಇಂಥ ಭೂಕಂಪಗಳಲ್ಲಿ ಮೊದಲು ಒತ್ತು ಅಲೆ, ಹಿಂದೆ ಅಡ್ಡ ಅಲೆ, ಅದರ ಹಿಂದೆ ಈ ಮೇಲ್ಮೈ ಅಲೆ ಬರುತ್ತದೆ. ಮೇಲ್ಮೈಯಲ್ಲಿಯೇ ಹರಡುವುದರಿಂದ ಇದರ ಬಲ ದೂರಕ್ಕೂ ಬೇಗ ಕುಂದುವುದಿಲ್ಲ. ಚೇಳಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಮರುಭೂಮಿಯ ಒಂದು ಜಾತಿಯ ಚೇಳು ಮರಳಿನ ಮೇಲ್ಮೈ ಅಲೆಯನ್ನು ಕಾಲುಗಳಿಂದ ಗ್ರಹಿಸಿ ಹುಳದ ದಿಕ್ಕು ತಿಳಿಯುತ್ತದೆಂದು ಅಮೆರಿಕದ ಸಂಶೋಧಕ ಬ್ರೌನೆಲ್ 1977ರಲ್ಲಿ ತೋರಿಸಿದರು.

ಎರಡು ಮೈಗಳು ಕೂಡುವ ಅಂಚಿನಲ್ಲಿ ಇನ್ನೊಂದು ವಿಶೇಷವಿದೆ. ಅಂಚನ್ನು ಬಿಡದೆ ಅದರ ಉದ್ದಕ್ಕೆ ಮಾತ್ರ ಸಾಗುವ ಅಲೆಗಳಿವೆ ಎಂಬುದು 1970ರ ದಶಕದ ಆರಂಭದಲ್ಲಿ ಸ್ಪಷ್ಟವಾಯಿತು. ಅಂಚು ಹರಿತವಾದಷ್ಟೂ ಅಲೆ ನಿಧಾನ. 30 ಡಿಗ್ರಿ ಕೋನದ ಉಕ್ಕಿನ ಅಲಗಿನಲ್ಲಿ ಮೇಲ್ಮೈ ಅಲೆಯ ಸುಮಾರು ಅರ್ಧ ವೇಗದಲ್ಲಿ ಇದು ಹೋಗುತ್ತದೆ. ದಾರಿಯಲ್ಲಿ ಸಣ್ಣ ಬಿರುಕಾಗಲಿ, ಕಚ್ಚಾಗಲಿ ಸಿಕ್ಕರೆ ಅಲ್ಲಿಂದ ಮಾರ್ದನಿ ಬರುತ್ತದೆ. ಆದಕಾರಣ ಅಲಗುಗಳನ್ನು ಪರೀಕ್ಷಿಸಲು ಇದು ತಕ್ಕ ಅಲೆ. ಬಿರುಕು ಹುಟ್ಟುವುದೂ ಬಹುಮಟ್ಟಿಗೆ ಅಂಚಿನಲ್ಲಿಯೇ. ಕುಂಬಾರನು ಗಡಿಗೆಯ ಕಂಠವನ್ನು ದಪ್ಪ ಮಾಡಿ ಮಡಿಸುವುದು ಚೆಂದಕ್ಕಷ್ಟೇ ಅಲ್ಲ.

ಹೊಲದ ಸಲಕರಣೆಗಳಿಗೆ ಇದನ್ನು ಹೀಗೆ ಬಳಸಬಹುದು. ಕುಂಟಿಯ ಕುಡ, ಟ್ರ್ಯಾಕ್ಟರ್ ನೇಗಿಲಿನ ಹಲ್ಲು, ಪಿಕಾಸಿ ಇವನ್ನು ಬಿಚ್ಚಿ, ಹುರಿಯಿಂದ ತೂಗುಬಿಟ್ಟು ಸಣ್ಣ ಪಾನದಿಂದ ತಟ್ಟಿ. ಅದೇ ಬಗೆಯ ಹೊಸ ಸಲಕರಣೆಯ ದನಿಯೊಂದಿಗೆ ಹೋಲಿಸಿ. ದನಿ ಮಂದವಾಗಿದ್ದರೆ ಅಥವಾ ‘ಜರ್’ ಎಂಬ ಒಡಕು ದನಿ ಬೆರೆತಿದ್ದರೆ ಬೆಸುಗೆಯ ಬಳಿ, ಬೋಲ್ಟಿನ ತೂತಿನ ಬಳಿ ಸೀಮೆಎಣ್ಣೆ ಸವರಿ ಒರೆಸಿ, ಸುಣ್ಣದ ಪುಡಿ ಹಚ್ಚಿ ನೋಡಿ. ಸೀಳಿದ್ದರೆ ಎಣ್ಣೆ ಗೆರೆಯಾಗಿ ಮೂಡುತ್ತದೆ. ಬಿಚ್ಚದೆ ತಟ್ಟಿದರೆ ಸಡಿಲ ಬೋಲ್ಟಿನ ದನಿಯೂ ಒಡಕಿನ ದನಿಯೂ ಒಂದೇ ಆಗಿ ಕೇಳಿಸುತ್ತವೆ.

ಬಿರುಕಿನ ಒಳಗಿನ ದಾರಿ

ಬೀಸುವ ಕಲ್ಲಿನ ಮೇಲಿನ ಹೋಳನ್ನು ಕೆಳಗಿನ ಹೋಳಿನ ಮೇಲೆ ಇಟ್ಟಾಗ ಎರಡೂ ಪೂರ್ತಿ ತಾಗುವುದಿಲ್ಲ. ಉಬ್ಬಿದ ಕೆಲವು ಬಿಂದುಗಳಲ್ಲಿ ಮಾತ್ರ ತಾಗುತ್ತವೆ. ಬಂಡೆಯ ಬಿರುಕೂ ಹೀಗೆಯೇ. ತಾಗಿದ ಬಿಂದುಗಳು ಸ್ಪ್ರಿಂಗುಗಳಂತೆ ಕೆಲಸ ಮಾಡುತ್ತವೆ. ಮೇಲಿನ ಭಾರ ಹೆಚ್ಚಿದಂತೆ ತಾಗುವ ಬಿಂದುಗಳು ಹೆಚ್ಚಿ ಸ್ಪ್ರಿಂಗು ಬಿಗಿಯಾಗುತ್ತದೆ. ತೀರ ಬಿಗಿಯಾದರೆ ಅಲೆಗೆ ಬಿರುಕು ಇದ್ದುದೇ ತಿಳಿಯದು. ತೀರ ಸಡಿಲವಾದರೆ ಅವು ಎರಡು ಬೇರೆ ಬೇರೆ ಕಲ್ಲುಗಳೇ ಸರಿ. ಒಂದೊಂದರ ಮೈಮೇಲೂ ರ್‍ಯಾಲೆ ಅಲೆ ಬೇರೆಯಾಗಿ ಹರಿಯುತ್ತದೆ. ಈ ಎರಡರ ನಡುವಿನ ಸ್ಥಿತಿಯಲ್ಲಿ ಎರಡೂ ಮೈಗಳ ಅಲೆಗಳು ಕೈಕೈ ಹಿಡಿದು ಬಿರುಕಿನ ಉದ್ದಕ್ಕೆ ಸಾಗುತ್ತವೆ. ಅವುಗಳ ವೇಗ ರ್‍ಯಾಲೆ ಅಲೆಗೂ ಅಡ್ಡ ಅಲೆಗೂ ನಡುವೆ ಇರುತ್ತದೆ. 1987ರಲ್ಲಿ ಪೈರಾಕ್-ನೋಲ್ಟ್ ಮತ್ತು ಕುಕ್ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿದರು. ಬಿರುಕಿಗೆ ಇನ್ನೂ ಒಂದು ಗುಣವಿದೆ: ಅದು ಜರಡಿಯಂತೆ ವರ್ತಿಸುತ್ತದೆ. ತಗ್ಗಿನ ಶ್ರುತಿಯನ್ನು ದಾಟಗೊಡುತ್ತದೆ, ಏರಿನ ಶ್ರುತಿಯನ್ನು ತಡೆಯುತ್ತದೆ. ಸೀಳಿದ ಗಡಿಗೆಯ ‘ಟಣ್’ ಹೋಗಿ ‘ಟಪ್’ ಉಳಿಯುವುದರಲ್ಲಿ ಇದರ ಪಾಲೂ ಇದೆ.

ಬಿರುಕಿನಲ್ಲಿ ನೀರು ತುಂಬಿದಾಗ ಇನ್ನೂ ಸೋಜಿಗದ ಅಲೆ ಹುಟ್ಟುತ್ತದೆ. ನೀರೂ ಗೋಡೆಯೂ ಒಟ್ಟಿಗೆ ಉಬ್ಬಿ ಇಳಿಯುತ್ತ ಸಾಗುವ ಈ ಅಲೆಯ ವೇಗ, ನೀರಿನಲ್ಲಿಯ ಸದ್ದಿನ ವೇಗಕ್ಕಿಂತ ಎಷ್ಟೋ ಕಡಿಮೆ ಇರಬಲ್ಲದು. ಬಿರುಕು ಸಣ್ಣದಾದಷ್ಟೂ, ಶ್ರುತಿ ತಗ್ಗಿದಷ್ಟೂ ಅದು ನಿಧಾನ. 1962ರಲ್ಲಿ ಸೋವಿಯತ್ ಒಕ್ಕೂಟದ ಕ್ರೌಕ್ಲಿಸ್ ಇದನ್ನು ಲೆಕ್ಕ ಹಾಕಿದರು. ಜ್ವಾಲಾಮುಖಿಗಳು ಸಿಡಿಯುವ ಮುನ್ನ ಗಂಟೆಗಟ್ಟಲೆ ಕಂಪಿಸುವುದಕ್ಕೆ ಬಿರುಕುಗಳಲ್ಲಿಯ ಇಂಥ ಅಲೆಗಳು ಕಾರಣವಿರಬಹುದೆಂದು ತಜ್ಞರು ಹೇಳುತ್ತಾರೆ.

ಬಿರುಕು ತಾನಾಗಿ ಮಾತಾಡುವುದೂ ಉಂಟು. ನಮ್ಮ ರಾಜ್ಯದಲ್ಲಿ ಇದನ್ನು ಅತಿ ಹತ್ತಿರದಿಂದ ಕೇಳಿದವರು ಕೋಲಾರ ಚಿನ್ನದ ಗಣಿಯ ಕಾರ್ಮಿಕರು. ಅಲ್ಲಿಯ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಭಾರಕ್ಕೆ ಬಂಡೆ ತಟ್ಟನೆ ಸಿಡಿದು ಸುರಂಗ ಕುಸಿಯುತ್ತಿತ್ತು, ಜೀವಗಳು ಹೋಗುತ್ತಿದ್ದವು. ದೊಡ್ಡ ಸಿಡಿತದ ಮೊದಲು ಬಂಡೆಯಲ್ಲಿ ಸಣ್ಣ ಸಣ್ಣ ಚಿಟಿಲು ಸದ್ದುಗಳು ಹೆಚ್ಚಬಹುದು. ಅವುಗಳ ಅಲೆ ಯಾವ ಯಾವ ಉಪಕರಣಕ್ಕೆ ಎಷ್ಟು ಹೊತ್ತಿಗೆ ತಲುಪಿತೆಂದು ನೋಡಿ ಸಿಡಿಯುವ ಜಾಗವನ್ನು ಗುರುತಿಸುವ ಕೆಲಸ ಅಲ್ಲಿ ವರ್ಷಗಟ್ಟಲೆ ನಡೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿಯೇ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಬಂಡೆಯ ಸದ್ದು ಆಲಿಸುವ ವಿದ್ಯೆ ಸುರಂಗ, ಅಣೆಕಟ್ಟುಗಳ ಕೆಲಸಕ್ಕೆ ಉಳಿಯಿತು. ಬೆಳೆಗಳೂ ಹೀಗೆ ಚಿಟಿಲೆನ್ನುತ್ತವೆ. ನೀರಿಲ್ಲದೆ ಬಾಡುವಾಗ ನಾಳದೊಳಗಿನ ನೀರಿನ ಎಳೆ ಕಡಿದು ಬೀಳುವ ಸದ್ದನ್ನು ಮಿಲ್ಬರ್ನ್ ಮತ್ತು ಜಾನ್ಸನ್ ಎಂಬವರು 1966ರಲ್ಲಿ ಔಡಲದ ಎಲೆಯಲ್ಲಿ ಹಿಡಿದರು.

ಸುತ್ತಿಗೆ ಬಡಿದು ನೀರು ಹುಡುಕುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಹುಬ್ಬಳ್ಳಿ-ಧಾರವಾಡದ ಕೆಳಗಿರುವುದು ಬಹಳ ಹಳೆಯ ಪದರಶಿಲೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದ ಕೊನೆಯಲ್ಲಿ ಈ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಈ ಶಿಲೆಯಲ್ಲಿ ಮರಳಿನಂತೆ ನೀರು ಹಿಡಿಯುವ ರಂಧ್ರಗಳಿಲ್ಲ. ಮೇಲಿನ ಶಿಥಿಲ ಪದರಿನಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು. ಮೇಲೆ ಹೇಳಿದಂತೆ ಭಾರ ಹೆಚ್ಚಿದಂತೆ ಬಿರುಕು ಬಿಗಿಯುತ್ತದೆ. ಆದ್ದರಿಂದ ಆಳಕ್ಕೆ ಹೋದಂತೆ ನೀರಿನ ಬಿರುಕುಗಳು ವಿರಳವಾಗುತ್ತವೆ. ಅಪವಾದಗಳುಂಟು, ಸಾವಿರ ಅಡಿಯಲ್ಲಿ ನೀರು ಸಿಕ್ಕವರೂ ಉಂಟು. ಆದರೆ ‘ಇನ್ನ ನೂರಡಿ ಹಾಕ್ರಿ, ಬಂದ ಬರತೈತಿ’ ಎಂಬ ಮಾತಿಗೆ ಬಂಡೆಯ ಶಾಸ್ತ್ರದಲ್ಲಿ ಆಧಾರವಿಲ್ಲ. ಪ್ರತಿ ನೂರಡಿಗೂ ಖರ್ಚು ಏರುತ್ತದೆ, ಆಸೆ ಇಳಿಯುತ್ತದೆ.

ಅಲೆಯಿಂದ ನೆಲ ಪರೀಕ್ಷಿಸುವ ಕ್ರಮ ಹೀಗಿದೆ. ಹೊಲದಲ್ಲಿ ಒಂದೇ ಸಾಲಿನಲ್ಲಿ ಕಂಪನ ಗ್ರಹಿಸುವ ಸಣ್ಣ ಉಪಕರಣಗಳನ್ನು ಊರುತ್ತಾರೆ. ಸಾಲಿನ ತುದಿಯಲ್ಲಿ ಉಕ್ಕಿನ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಹತ್ತಿರದ ಉಪಕರಣಗಳಿಗೆ ಅಲೆ ಮೇಲ್ಮಣ್ಣಿನಲ್ಲಿಯೇ ನೇರವಾಗಿ ಬರುತ್ತದೆ. ದೂರದವುಗಳಿಗೆ ಕೆಳಗಿನ ಗಟ್ಟಿ ಬಂಡೆಗೆ ಇಳಿದು, ಅಲ್ಲಿ ವೇಗವಾಗಿ ಓಡಿ, ಮತ್ತೆ ಮೇಲೆ ಬಂದ ಅಲೆಯೇ ಮೊದಲು ಮುಟ್ಟುತ್ತದೆ. ಸುತ್ತು ಬಳಸಾದರೂ ಹೆದ್ದಾರಿ ಹಿಡಿದವನು ಮೊದಲು ಊರು ಸೇರಿದಂತೆ. ಈ ಸಮಯಗಳಿಂದ ಶಿಥಿಲ ಪದರು ಎಷ್ಟು ಆಳ, ಬಂಡೆ ಎಲ್ಲಿ ಶುರು ಎಂಬ ಲೆಕ್ಕ ಸಿಗುತ್ತದೆ. ಬಂಡೆಯಲ್ಲಿ 5,000 ಮೀಟರ್ ಇರಬೇಕಾದ ವೇಗ ಒಂದು ಕಡೆ 3,000ಕ್ಕೆ ಇಳಿದರೆ ಅಲ್ಲಿ ಬಂಡೆ ಬಹಳ ಸೀಳಿದೆ ಎಂದು ಊಹಿಸಬಹುದು.

ಇದರ ಮಿತಿಗಳನ್ನೂ ಹೇಳಲೇಬೇಕು. 30 ಮೀಟರ್ ಆಳ ಕಾಣಬೇಕಾದರೆ ಸಾಲು ಅದರ ನಾಲ್ಕೈದು ಪಟ್ಟು, ಅಂದರೆ 120ರಿಂದ 150 ಮೀಟರ್ ಉದ್ದವಿರಬೇಕು. ಕೈಸುತ್ತಿಗೆಯ ಬಲವೂ ಸುಮಾರು ಅಷ್ಟು ಆಳಕ್ಕೇ ಸಾಕಾಗುತ್ತದೆ. ನೂರಾರು ಅಡಿ ಕೆಳಗಿನ ಒಂಟಿ ಬಿರುಕು ಇದಕ್ಕೆ ಕಾಣುವುದಿಲ್ಲ. ಕಾರಣ ಸರಳ. ಸೆಕೆಂಡಿಗೆ 100 ಸಲ ಕಂಪಿಸುವ ಅಲೆ 5,000 ಮೀಟರ್ ವೇಗದಲ್ಲಿ ಓಡಿದರೆ ಅದರ ಅಲೆಯುದ್ದ 50 ಮೀಟರ್. ಐವತ್ತು ಮೀಟರಿನ ಅಲೆಗೆ ಒಂದು ಮಿಲಿಮೀಟರಿನ ಬಿರುಕು ಲೆಕ್ಕಕ್ಕಿಲ್ಲ. ಬಿರುಕುಗಳು ಗುಂಪುಗಟ್ಟಿ ಅಗಲವಾದ ಪಟ್ಟಿಯಾಗಿದ್ದರೆ ಮಾತ್ರ ಗೊತ್ತಾಗುತ್ತದೆ. ಬೆಳಗಾವಿಯ ಉತ್ತರಕ್ಕಿರುವ ಕಪ್ಪು ಬಸಾಲ್ಟ್ ಸೀಮೆಯಲ್ಲಿ ಇನ್ನೊಂದು ತೊಡಕು: ಗಟ್ಟಿ ಪದರಿನ ಕೆಳಗೆ ಅವಿತ ಮೆತ್ತನೆಯ ಪದರು ಈ ಕ್ರಮಕ್ಕೆ ಸಿಗುವುದೇ ಇಲ್ಲ, ನೀರಿರುವುದು ಅನೇಕ ಸಲ ಅದರಲ್ಲಿಯೇ. ಆದ್ದರಿಂದ ನೆಲಕ್ಕೆ ವಿದ್ಯುತ್ ಹಾಯಿಸಿ ರೋಧ ಅಳೆಯುವ ಪರೀಕ್ಷೆಯನ್ನೂ, ಹಳ್ಳದ ನೇರ, ಕರಿಕಲ್ಲಿನ ಡೈಕುಗಳ ಸೀಳಿದ ಅಂಚು ಇವುಗಳ ತಪಾಸಣೆಯನ್ನೂ ಕೂಡಿಸಿ ನಿರ್ಧರಿಸುವ ಭೂವಿಜ್ಞಾನಿಯ ಮಾತಿಗೆ ಬೆಲೆ ಹೆಚ್ಚು. ಯಾರಾದರೂ ಒಂದೇ ಯಂತ್ರ ತಂದು ‘ಇಷ್ಟು ಅಡಿಗೆ ಇಷ್ಟು ಇಂಚು ನೀರು’ ಎಂದು ಬರೆದುಕೊಟ್ಟರೆ ನಂಬಬೇಡಿ. ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿ ನೀರು ತೋರಿಸುವವರ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ತೆಂಗಿನಕಾಯಿಯಿಂದ ಅದರೊಳಗಿನ ನೀರು ತಿಳಿಯುತ್ತದೆ.

ಕೊರೆದ ಬಾವಿಯೊಳಗೆ ಮಾತ್ರ ಅಲೆ ಬಹಳ ನಿಖರವಾಗಿ ಮಾತಾಡುತ್ತದೆ. ನೀರು ತುಂಬಿದ ಕೊಳವೆಯ ಗೋಡೆಯನ್ನು ಹಿಡಿದು ಸಾಗುವ ಒಂದು ಅಲೆ ಇದೆ. ಎರಡು ಬೇರೆ ವಸ್ತುಗಳ ಗಡಿಯಲ್ಲಿ ಸಾಗುವ ಅಲೆಗಳನ್ನು 1924ರಲ್ಲಿ ವಿವರಿಸಿದ ಸ್ಟೋನ್ಲಿಯವರ ಹೆಸರನ್ನೇ ಇದಕ್ಕೂ ಹೇಳುತ್ತಾರೆ. ತೆರೆದ ಬಿರುಕಿನ ಎದುರಿಗೆ ಬಂದಾಗ ಅದು ಸ್ವಲ್ಪ ನೀರನ್ನು ಬಿರುಕಿನೊಳಕ್ಕೆ ನೂಕಿ ತನ್ನ ಬಲ ಕಳೆದುಕೊಳ್ಳುತ್ತದೆ, ಒಂದು ಪಾಲು ಹಿಂದಕ್ಕೂ ತಿರುಗುತ್ತದೆ. ಮುಚ್ಚಿದ ಬಿರುಕಿನ ಎದುರು ಹೆಚ್ಚೇನೂ ಆಗದು. ಹೀಗೆ ನೀರು ಕೊಡುವ ಬಿರುಕನ್ನೂ ಕೊಡದ ಬಿರುಕನ್ನೂ ಬೇರ್ಪಡಿಸಬಹುದು. ಇದು ದುಬಾರಿ ಕೆಲಸ, ಸಾಮಾನ್ಯ ರೈತನ ಬೋರಿಗೆ ಒದಗುವಂಥದಲ್ಲ. ರೈತನ ಕೈಯಲ್ಲಿರುವುದು ಒಂದು ನೋಟುಬುಕ್ಕು. ಕೊರೆಯುವಾಗ ಎಷ್ಟು ಅಡಿಗೆ ಕಲ್ಲಿನ ಪುಡಿಯ ಬಣ್ಣ ಬದಲಾಯಿತು, ಎಲ್ಲಿ ಸರಳು ದಿಢೀರನೆ ಇಳಿಯಿತು, ಎಲ್ಲಿ ಮೊದಲ ನೀರು ಬಂತು, ಎಷ್ಟು ಅಡಿ ಕೇಸಿಂಗ್ ಪೈಪು ಇಳಿಯಿತು ಎಂದು ಅಲ್ಲಿಯೇ ನಿಂತು ಬರೆದುಕೊಳ್ಳಿ. ಪಕ್ಕದ ಹೊಲದವರ ಇಂಥದೇ ಲೆಕ್ಕ ಸಿಕ್ಕರೆ ಇಬ್ಬರ ಬೋರೂ ಒಂದೇ ಬಿರುಕಿಗೆ ತಾಗಿದೆಯೇ ಎಂಬುದು ತಿಳಿಯುತ್ತದೆ. ತಾಗಿದ್ದರೆ ಅಲ್ಲಿ ಮೂರನೆಯ ಬೋರು ಹೊಸ ನೀರು ತರದು. ಇರುವುದನ್ನೇ ಮೂರು ಪಾಲು ಮಾಡುತ್ತದೆ.

ಕಲ್ಲಿನ ಕ್ವಾರಿ ಮತ್ತು ತೆರೆದ ಬಾವಿ

ಕ್ವಾರಿಯಲ್ಲಿ ಮದ್ದು ಸಿಡಿಸಿದಾಗ ಬಾವಿಯ ಕಟ್ಟಡದ ಕಲ್ಲುಗಳು ಬಾವಿಯೊಳಕ್ಕೆ ಏಕೆ ಬೀಳುತ್ತವೆ? ಸಿಡಿತದಿಂದ ಬರುವುದು ಒತ್ತುವ ಅಲೆ. ಅದು ಬಾವಿಯ ಖಾಲಿ ಬದಿಗೆ ಬಂದು ತಿರುಗುವಾಗ ಎಳೆಯುವ ಅಲೆಯಾಗುತ್ತದೆ. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. 1914ರಲ್ಲಿ ಹಾಪ್ಕಿನ್ಸನ್ ಎಂಬ ವಿಜ್ಞಾನಿ ಲೋಹದ ಮೇಲೆ ಇದನ್ನು ಪ್ರಯೋಗದಿಂದ ತೋರಿಸಿದರು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಸೂಚಿಸಿದ ಮಿತಿಗಳ ಪ್ರಕಾರ, ಗಣಿಗೆ ಸೇರದ ವಾಸದ ಮನೆಗಳ ಬಳಿ ನೆಲದ ಕಂಪನದ ವೇಗ, ಕಂಪನ ಸೆಕೆಂಡಿಗೆ 8 ಸಲಕ್ಕಿಂತ ಕಡಿಮೆ ಇದ್ದಾಗ 5 ಮಿಲಿಮೀಟರ್, 8ರಿಂದ 25 ಸಲ ಇದ್ದಾಗ 10 ಮಿಲಿಮೀಟರ್, ಅದಕ್ಕೂ ಹೆಚ್ಚಾದಾಗ 15 ಮಿಲಿಮೀಟರ್ ಮೀರಬಾರದು. ಇದನ್ನು ಅಳೆಯುವ ಉಪಕರಣಗಳಿವೆ. ಹತ್ತಿರದಲ್ಲಿ ಕ್ವಾರಿ ಇರುವವರು ಬಾವಿಯ ಮತ್ತು ಮನೆಯ ಬಿರುಕುಗಳಿಗೆ ಅಡ್ಡಲಾಗಿ ತೆಳುವಾದ ಸಿಮೆಂಟಿನ ಪಟ್ಟಿ ಹಾಕಿ ಮೇಲೆ ತಾರೀಖು ಕೆತ್ತಿರಿ. ಪಟ್ಟಿ ಸೀಳಿದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದು ಅರ್ಥ. ಸಿಡಿತದ ದಿನ, ಹೊತ್ತುಗಳನ್ನೂ ಬರೆದಿಟ್ಟು, ಕಂಪನ ಅಳತೆ ಮಾಡಿಸಬೇಕೆಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಲಿಖಿತ ಅರ್ಜಿ ಕೊಡಿ. ಬಾಯಿಮಾತಿನ ದೂರಿಗಿಂತ ತಾರೀಖು ಬರೆದ ಪಟ್ಟಿಗೆ ಬಲ ಹೆಚ್ಚು.

ಎರೆ ಹೊಲದ ಬಿರುಕು

ನನ್ನ ಕಸುಬಿನ ಬಿರುಕಿನ ಬಗ್ಗೆ ಎರಡು ಮಾತು. ಎರೆ ಭೂಮಿ ಒಣಗಿ ಕುಗ್ಗುವಾಗ ಎಳೆತ ತಾಳಲಾರದೆ ಬಾಯಿ ಬಿಡುತ್ತದೆ. ಆಮೇಲೆ ಹುಟ್ಟಿದ ಬಿರುಕು ಮೊದಲಿನ ಬಿರುಕನ್ನು ನೇರ ಮೂಲೆಯಲ್ಲಿ ಕೂಡುವುದನ್ನು ನೀವು ಕಂಡಿರಬಹುದು. ಖಾಲಿ ಬದಿಯತ್ತ ಎಳೆತ ಉಳಿದಿರುವುದಿಲ್ಲ, ಬದಿಯ ಉದ್ದಕ್ಕೆ ಮಾತ್ರ ಇರುತ್ತದೆ, ಅದಕ್ಕೇ ಹೀಗೆ. ಈ ಬಿರುಕುಗಳು ಆಳಕ್ಕೆ ಇಳಿದಾಗ ಕೆಳಗಿನ ಪದರಿನ ಹಸಿಯೂ ಗಾಳಿಗೆ ಹೋಗುತ್ತದೆ. ಹಿಂಗಾರಿಯ ಜೋಳ, ಕಡಲೆಯಲ್ಲಿ ಬಿರುಕು ಕೂದಲೆಳೆಯಷ್ಟಿದ್ದಾಗಲೇ ಎಡೆಕುಂಟಿ ಹೊಡೆದು ಮೇಲೆ ಪುಡಿಮಣ್ಣಿನ ಹೊದಿಕೆ ಮಾಡಬೇಕು. ಕೈ ಇಳಿಯುವಷ್ಟಾದ ಮೇಲೆ ಹೊಡೆದರೆ ಹೆಂಟೆ ಎದ್ದು ಬೇರು ಹರಿಯುತ್ತದೆ. ನೆಲ ಪರೀಕ್ಷೆಗೂ ಇದು ಅನ್ವಯಿಸುತ್ತದೆ: ಬಿರಿದ ಎರೆ ಹೊಲದಲ್ಲಿ ಸುತ್ತಿಗೆಯ ಅಲೆ ಬಿರುಕು ಬಿರುಕಿಗೂ ಸೊರಗಿ ಉಪಕರಣಗಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಮಳೆ ಬಿದ್ದು ಬಿರುಕು ಕೂಡಿದ ಮೇಲೆ, ಕೆಸರು ಆರಿ ಕಾಲು ಊರುವಂತಾದಾಗ ಮಾಡಿಸಿದರೆ ಫಲಿತಾಂಶ ಸ್ಪಷ್ಟ. ಪರೀಕ್ಷೆಯ ದಿನ ಪಕ್ಕದಲ್ಲಿ ಟ್ರ್ಯಾಕ್ಟರ್, ಪಂಪುಸೆಟ್ಟು ನಡೆಯದಂತೆ ನೋಡಿಕೊಳ್ಳಿ. ಕೊರೆದ ಬಾವಿ ಸೋತರೆ ಅಂದೇ ಅದರ ಬಾಯಿಗೆ ಉಕ್ಕಿನ ಮುಚ್ಚಳ ಬೆಸುಗೆ ಹಾಕಿಸಿ, ಇಲ್ಲವೆ ತಳದಿಂದ ಮೇಲಿನವರೆಗೆ ಮಣ್ಣು ತುಂಬಿಸಿ.